ನಕ್ಷೆಯಲ್ಲಿ ಜರುಗಿದ ರೊಪ್ಪ

ಚಿತ್ರದುರ್ಗದಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕಿಯೇ ಮಕ್ಕಳನ್ನು ಓದಿಸಿದ ಹಜರತ್ ಅಲಿಯವರ ಮಗಳು ನಾಜಿಮಾ. ಸಿವಿಲ್ ಡಿಪ್ಲೊಮಾ ಮುಗಿಸಿ ಏಳು ವರ್ಷದಿಂದ ಮೂರ್ತಪ್ಪನವರ ಸರ್ವೆ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ನಕ್ಷೆ ಬರೆಯುತ್ತಾಳೆ. ಹಾಕಿದ ಬೀಗವನ್ನು ಎರಡು ಸಲ ಎಳೆದು ನೋಡುವವಳು. ಕೆಲಸದಲ್ಲೂ ಅದೇ ಪುಕ್ಕಲು. ಆಫೀಸಿನವರು ಆಡಿಕೊಂಡು ನಗುತ್ತಿದ್ದರು. ಆದರೆ ಅವಳು ಬರೆದ ಒಂದು ಶೀಟೂ ತಪ್ಪೆಂದು ಹಿಂದಕ್ಕೆ ಬಂದಿರಲಿಲ್ಲ.

ಬಾಗೂರಿನ ಕಡೆಯ ಒಂದು ಗೊಲ್ಲರಹಟ್ಟಿಗೆ ರಸ್ತೆ ಬರುವುದಿತ್ತು. ಅಳತೆಗೆ ಹೋದವರು ಹಟ್ಟಿಯ ಮನೆ, ಬಾವಿ, ಬೇಲಿ ಎಲ್ಲವನ್ನೂ ಅಳೆದು ತಂದರು. ಆದರೆ ಉಪಕರಣ ನಿಲ್ಲಿಸಿದ ಜಾಗಕ್ಕೆ ‘ಪೂರ್ವ ಸಾವಿರ, ಉತ್ತರ ಸಾವಿರ’ ಎಂದು ತಾವೇ ಅಂಕಿ ಕೊಟ್ಟುಕೊಂಡಿದ್ದರು. ಹೀಗಾಗಿ ಬಾವಿಗೂ ಗುಡಿಗೂ ಎಷ್ಟು ದೂರ ಎಂಬುದು ನಕ್ಷೆಗೆ ಗೊತ್ತು, ಹಟ್ಟಿ ಭೂಮಿಯ ಮೇಲೆ ಎಲ್ಲಿದೆ ಎಂಬುದು ಗೊತ್ತಿಲ್ಲ. ರಸ್ತೆಯ ಗೆರೆಯೋ ಭೂಪಟದ ಅಂಕಿಗಳಲ್ಲಿ ಬಂದಿತ್ತು: ಪೂರ್ವಕ್ಕೆ ಆರು ಲಕ್ಷ ಚಿಲ್ಲರೆ ಮೀಟರು, ಉತ್ತರಕ್ಕೆ ಹದಿನೈದು ಲಕ್ಷ ಚಿಲ್ಲರೆ. ಎರಡೂ ಕೂಡಬೇಕಾದರೆ ನಕ್ಷೆಯಲ್ಲೂ ಉಪಗ್ರಹದ ಚಿತ್ರದಲ್ಲೂ ಕಾಣುವ ಎರಡು ಗುರುತು ಹಿಡಿದು, ನಕ್ಷೆಯನ್ನು ಎತ್ತಿ ಅಲ್ಲಿ ಕೂರಿಸಬೇಕು. ಮೂರನೆಯದೊಂದು ಗುರುತಿನಿಂದ ತಾಳೆ ನೋಡಬೇಕು.

ಅಂದು ನಾಜಿಮಾಳ ಮೂರು ವರ್ಷದ ಮಗಳಿಗೆ ಜ್ವರ. ಮಗುವನ್ನು ನೋಡಿಕೊಳ್ಳುತ್ತಿದ್ದ ತಾಯಿ ಬಷೀರುನ್ನೀಸಾ ಮಧ್ಯಾಹ್ನದೊಳಗೆ ನಾಲ್ಕು ಸಲ ಫೋನು ಮಾಡಿದ್ದರು. ಚಿತ್ರದಲ್ಲಿ ಹಟ್ಟಿಯ ಸುತ್ತಲಿನ ಮುಳ್ಳುಬೇಲಿ ಕಪ್ಪಗೆ ಎದ್ದು ಕಾಣುತ್ತಿತ್ತು. ಅದರ ಎರಡು ಮೂಲೆ ಹಿಡಿದು ನಕ್ಷೆ ಕೂರಿಸಿಬಿಟ್ಟಳು. ಮೂಲೆಗಳ ನಡುವಿನ ಅಂತರ ಎರಡು ಮೀಟರು ಹೆಚ್ಚುಕಮ್ಮಿ ಬಂತು. ಚಿತ್ರವೇ ಮಸುಕು ಎಂದುಕೊಂಡಳು. ಮೂರನೆಯ ಗುರುತು ನೋಡದೆಯೇ ಶೀಟನ್ನು ರಸ್ತೆಯವರಿಗೆ ಕಳಿಸಿದಳು.

ಹತ್ತು ದಿನದ ಮೇಲೆ ಆ ಹಟ್ಟಿಯ ಮುದುಕಿ ನಾಗಕ್ಕ ಆಫೀಸಿನ ಬಾಗಿಲಿಗೆ ಬಂದು ನಿಂತಳು.

“ನಕ್ಷೆ ಬರೆಯೋ ಮಹಾತಾಯಿ ನೀನೇನಾ?”

“ಹೌದು. ಒಳಗೆ ಬರ್ರಿ, ಕುಂತ್ಕಳ್ರಿ.”

“ಕುಂತ್ಕಳಾಕೆ ಬಂದಿಲ್ಲ. ನನ್ನ ರೊಪ್ಪ ರಸ್ತೆಯೊಳಗೆ ಬರ್ತೈತಂತೆ, ಕೆಡವ್ತಾರಂತೆ. ಗ್ವಾಡೆಗೆ ಕೆಂಪು ಬಣ್ಣ ಬಳಿದು ಹೋಗವ್ರೆ. ಅರವತ್ತು ಕುರಿ, ಮ್ಯಾಲೆ ಮರಿ. ಎಲ್ಲಿ ಕೂಡ್ಲಿ? ನಿನ್ನ ಟೇಬಲ್ ಮ್ಯಾಲೆ ಕೂಡ್ಲಾ?”

ಕುರಿ ಕೂಡುವ ಕಲ್ಲುಗೋಡೆಯ ದೊಡ್ಡಿಯೇ ರೊಪ್ಪ. ಅದನ್ನು ಕೆಡವಿದರೆ ಈ ವಯಸ್ಸಿನಲ್ಲಿ ಇನ್ನೊಂದು ಕಟ್ಟುವುದು ಆಗದ ಮಾತು. ನಾಜಿಮಾ ಮೆತ್ತಗೆ ಪರದೆ ತಿರುಗಿಸಿ, “ಇದೇ ನಿಮ್ಮ ಹಟ್ಟಿ. ಇದು ಬೇಲಿ,” ಎಂದು ತೋರಿಸಿದಳು.

ನಾಗಕ್ಕ ಮೂಗು ತಾಗುವಷ್ಟು ಬಗ್ಗಿ ನೋಡಿದಳು. “ಇದ್ಯಾವ ಕಾಲದ ಬೇಲಿ ಕಣವ್ವ? ಹುಣಸೆಮರ ಹೊರಗೈತೆ ಇದ್ರಾಗೆ. ಈಗ ಮರ ನಮ್ಮ ಬೇಲಿಯೊಳಗೈತೆ.”

“ಬೇಲಿ ಸರಿಸಿದ್ರಾ?”

“ಸರಿಸಾದೇನು ಬಂತು. ಹಳೇ ಮುಳ್ಳಿಗೆ ಗೆದ್ದಲು ಹತ್ತುತ್ತೆ, ಹೊಸಾ ಮುಳ್ಳು ಕಡ್ದು ಹಾಕ್ತೀವಿ. ಹಾಕುವಾಗ ಮೂರ್ನಾಕು ಮಾರು ಅತ್ಲಾಗೆ ಇತ್ಲಾಗೆ ಆಗ್ತೈತೆ. ಅದಕ್ಕೂ ನಿಮ್ಮನ್ನ ಕೇಳ್ಬೇಕಾ?”

ನಾಜಿಮಾ ಚಿತ್ರದ ತಾರೀಖು ನೋಡಿದಳು. ಅಳೆದು ತಂದದ್ದು ಈ ವರ್ಷದ ಬೇಲಿ. ಚಿತ್ರದಲ್ಲಿದ್ದದ್ದು ಮೂರು ವರ್ಷದ ಹಿಂದಿನದು. ಇದರ ಮೂಲೆಯನ್ನು ಅದರ ಮೂಲೆಗೆ ಕೂರಿಸಿ, ಇಡೀ ಹಟ್ಟಿಯನ್ನೇ ರಸ್ತೆಯ ಕಡೆಗೆ ತಳ್ಳಿದ್ದಳು. ಎದ್ದು ಮೂರ್ತಪ್ಪನವರ ಮುಂದೆ ಹೋಗಿ ನಿಂತು, ತಪ್ಪು ತನ್ನದೇ ಎಂದಳು.

ಮೂರ್ತಪ್ಪ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. “ಕೊಟ್ಟ ಶೀಟು ವಾಪಸ್ ಇಸ್ಕಳೋದಂದ್ರೆ ನನ್ನ ಮೂಗು ನಾನೇ ಕೊಯ್ಕಂಡಂಗೆ ಕಣವ್ವ. ಹೋಗು, ನಾಳೆ ಜಿಪಿಎಸ್ ಮಿಷಿನ್ ತಗಂಡು ನೀನೇ ಹೋಗು. ಬಂದಮ್ಯಾಲೆ ಇನ್ನೊಂದು ತಪ್ಪು ಐತೆ ಅನ್ನಂಗಿಲ್ಲ.”

ಮಗಳ ಜ್ವರ ಯಾವಾಗಲೋ ಇಳಿದಿತ್ತು. ಆದರೂ ಹೊಸದುರ್ಗದ ಬಸ್ಸಿನಲ್ಲಿ ಕೂತಷ್ಟು ಹೊತ್ತೂ ನಾಜಿಮಾಳಿಗೆ ಒಂದೇ ಯೋಚನೆ. ರೊಪ್ಪ ನಿಜವಾಗಿಯೂ ರಸ್ತೆಯೊಳಗೇ ಇದ್ದರೆ? ಆಗ ಆ ಹೆಂಗಸಿಗೆ ಸುಮ್ಮನೆ ಆಸೆ ಹುಟ್ಟಿಸಿದಂತಾಗುವುದಿಲ್ಲವೆ?

ಹಟ್ಟಿಯ ಕಟ್ಟಳೆಯಂತೆ ಬೇಲಿಯ ಹೊರಗೆ ಚಪ್ಪಲಿ ಬಿಟ್ಟು ಹಟ್ಟಿಯೊಳಗೆ ಹೋದವಳು ಮೊದಲು ಕೇಳಿದ್ದು, “ಇಲ್ಲಿ ಜಾಗ ಬಿಟ್ಟು ಅಲ್ಲಾಡದೇ ಇರೋದು ಏನೇನಿದೆ ಅಜ್ಜಿ?”

“ಬಾವಿ ಐತೆ. ಗುಡಿ ಮುಂದ್ಲ ಬಂಡೆ ಐತೆ. ಆಮ್ಯಾಲೆ ನಮ್ಮ ಯಜಮಾನ ಅವ್ನೆ, ಬೆಳಗ್ಗೆ ಜಗಲಿ ಹಿಡಿದ್ರೆ ಉಣ್ಣಾಕೂ ಏಳಲ್ಲ.”

ಜಗಲಿಯ ಮೇಲಿದ್ದ ಕಾಟಯ್ಯ ಕೂತಲ್ಲಿಂದಲೇ, “ಹಂಗಾರೆ ನನ್ನ ತಲೆ ಮ್ಯಾಲೂ ಒಂದು ಗಳಿಗೆ ಮಿಷಿನ್ ಇಡ್ರಿ,” ಎಂದ.

ಬಾವಿಯ ಕಟ್ಟೆಯ ಮೂಲೆ, ಬಂಡೆಯ ನೆತ್ತಿ, ಎರಡರ ಮೇಲೂ ಅರ್ಧರ್ಧ ಗಂಟೆ ಉಪಕರಣ ನಿಲ್ಲಿಸಿ ಅಂಕಿ ಹಿಡಿದಳು. ತಾಳೆಗೆಂದು ರೊಪ್ಪದ ಗೋಡೆಯ ಮೂಲೆಯನ್ನೂ ಹಿಡಿದಳು. ಒಳಗಿದ್ದ ಮರಿಗಳು ಅಷ್ಟು ಹೊತ್ತೂ ಅವಳ ದುಪಟ್ಟಾದ ಅಂಚು ಜಗ್ಗುತ್ತಿದ್ದವು.

ಆಫೀಸಿಗೆ ಬಂದು ನಕ್ಷೆಯನ್ನು ಹೊಸದಾಗಿ ಕೂರಿಸಿದಳು. ಬಾವಿಗೂ ಬಂಡೆಗೂ ನಡುವಿನ ಅಂತರ ಎರಡು ಬೆರಳಿನಷ್ಟೂ ವ್ಯತ್ಯಾಸವಿಲ್ಲದೆ ಕೂತಿತು. ರೊಪ್ಪದ ಮೂಲೆಯೂ ಕೂತಿತು. ಇಡೀ ಹಟ್ಟಿ ಆರು ಮೀಟರು ಹಿಂದೆ ಸರಿದು, ರೊಪ್ಪದ ಗೋಡೆ ರಸ್ತೆಯ ಅಂಚಿನಿಂದ ನಾಲ್ಕು ಅಡಿ ಆಚೆ ನಿಂತಿತು. ನಾಜಿಮಾ ಮತ್ತೊಮ್ಮೆ ಮೊದಲಿನಿಂದ ಮಾಡಿದಳು. ಮತ್ತೆ ಅದೇ ನಾಲ್ಕು ಅಡಿ ಬಂತು.

ಆದರೆ ಗೋಡೆಯ ಹೊರಗೆ, ಕುರಿ ನೀರು ಕುಡಿಯುವ ಕಲ್ಲುಬಾನಿ ಗೆರೆಯ ಒಳಗೇ ಉಳಿದಿತ್ತು. ಅದನ್ನು ಮುಚ್ಚಿಡಲು ಮನಸ್ಸು ಬರಲಿಲ್ಲ. ಹೊಸ ಶೀಟಿಗೆ ಮೂರ್ತಪ್ಪ ಸಹಿ ಹಾಕಿದ ಮೇಲೆ ಫೋನು ಹಚ್ಚಿ, ರೊಪ್ಪ ಉಳಿಯಿತೆಂದು ಮೊದಲು ಹೇಳಿ, ಆಮೇಲೆ ಅಳುಕುತ್ತ ಬಾನಿಯ ಸಂಗತಿ ಹೇಳಿದಳು.

ಆ ಕಡೆಯಿಂದ ನಾಗಕ್ಕ ಅಂದಳು:

“ಬಾನಿಗೇನು, ನಾಕಾಳು ಹಿಡಿದ್ರೆ ಎದ್ದು ಬರ್ತೈತೆ. ಯಾವತ್ತಿನೊಳಗೆ ತೆಗೀಬೇಕು, ಅದು ಹೇಳು.”