ಮುತ್ತುಗದ ಕಾಡಿನಲ್ಲಿ ನಡೆಯದೆ ಉಳಿದ ದಾರಿ

ಪ್ರಕೃತಿಯ ಮಡಿಲಲ್ಲಿ ಮನುಷ್ಯ ಸಂಸಾರದ ಜಂಜಾಟವನ್ನೆಲ್ಲ ಮರೆಯುತ್ತಾನೆಂದು ತಿಳಿದವರು ಹೇಳುತ್ತಾರೆ. ತಿಳಿದವರು ಸಂಸಾರ ಸಮೇತ ಹೋಗಿರಲಿಲ್ಲವೆಂದು ಕಾಣುತ್ತದೆ.

ನಾನು, ಹೆಂಡತಿ ಸುಶೀಲಾ, ಎಂಟು ವರ್ಷದ ಮಗಳು ವಿಜಯಾ, ಧಾರವಾಡದಿಂದ ಬಂದಿದ್ದ ನನ್ನ ಅವ್ವ, ಇಷ್ಟು ಜನ ಭಾನುವಾರ ನಸುಕಿನ ಪ್ಯಾಸೆಂಜರ್ ಗಾಡಿಯಲ್ಲಿ ಅಹಮದಾಬಾದು ಬಿಟ್ಟೆವು. ಬರೋಡಾ ಸ್ಟೇಷನ್ನಿನಲ್ಲಿ ಕಡಲೆಹಿಟ್ಟಿನ ಗಾಠಿಯಾ, ಪಾಯಸದಂಥ ಚಹಾ. ಅಲ್ಲಿಂದ ಬಸ್ಸಿನಲ್ಲಿ ಒಂದೂವರೆ ತಾಸು. ಮಳೆ ನಿಂತು ವಾರವಾಗಿತ್ತು; ಬಿಸಿಲು ಚುರುಕಾಗಿತ್ತು.

ರಕ್ಷಿತ ಕಾಡಿನ ಬಾಗಿಲಲ್ಲಿ ಹೊಸ ಗುಜರಾತ್ ರಾಜ್ಯದ ಹೊಸ ಬಣ್ಣದ ಫಲಕ. ಗುಜರಾತಿ ಬಲ್ಲ ವಿಜಯಾ ಓದಿ ಹೇಳಿದಳು: ಕಾಲುದಾರಿ ಒಂದೂವರೆ ಮೈಲಿ, ಮಕ್ಕಳೂ ಮುದುಕರೂ ನಿರಾಯಾಸವಾಗಿ ನಡೆಯಬಹುದು.

ಅವ್ವ ನಿರಾಯಾಸವಾಗಿ ನಡೆದದ್ದು ಐವತ್ತು ಹೆಜ್ಜೆ. ಎದುರಿಗೆ ಮುತ್ತುಗದ ಮರಗಳ ಸಾಲು. ಗುರುವಾರ ಅಪ್ಪನ ಶ್ರಾದ್ಧ. ಹನ್ನೊಂದು ವರ್ಷ ಅವ್ವ ಆ ದಿನದ ಊಟಕ್ಕೆ ಮುತ್ತುಗದ ಪತ್ರಾವಳಿಗಳನ್ನು ತಾನೇ ಕೂತು ಹಚ್ಚಿದ್ದಳು, ಒಂದು ವರ್ಷವೂ ತಪ್ಪಿಸಿರಲಿಲ್ಲ. ಅಹಮದಾಬಾದಿನ ಪೇಟೆಯಲ್ಲಿ ಸಿದ್ಧ ಎಲೆ ಸಿಗುತ್ತದೆಂದು ನಾನು ಹೇಳಿದಾಗ, "ಕೊಂಡ ಎಲಿಮ್ಯಾಲ ನಿಮ್ಮಪ್ಪಗ ಬಡಸೂದಂದ್ರ ಖಾನಾವಳಿಗೆ ಕರದಂಗಾತು" ಎಂದು ಹದಿನೈದು ದಿನದಿಂದ ಮುಖ ಸಣ್ಣದು ಮಾಡಿಕೊಂಡಿದ್ದಳು.

ಅವಳು ಮೊದಲನೆಯ ಎಲೆ ಕೀಳುತ್ತಲೇ ಸೀಟಿ ಕೇಳಿಸಿತು. ಕಾವಲುಗಾರ ಬಂದ.

"ಅಜ್ಜಿ, ಎಲೆ ತೆಗೆಯೋದು ಬಂದ್ ಇದೆ ಅಂತೆ" ಎಂದಳು ವಿಜಯಾ.

"ಮರಕ್ಕ ನೀರು ಹಾಕಿದಾಂವ ಇವನೇನಂತ ಕೇಳವಾ."

ವಿಜಯಾ ಅದನ್ನೂ ಪ್ರಾಮಾಣಿಕವಾಗಿ ಅನುವಾದಿಸಿದಳು.

ಅಷ್ಟರಲ್ಲಿ ನನ್ನ ಕಣ್ಣು ಅವನ ಗುಡಿಸಲಿನ ಕಡೆ ಹೋಯಿತು. ಅವನ ಹೆಂಡತಿ ಅದೇ ಎಲೆಯ ರಾಶಿ ಮುಂದಿಟ್ಟುಕೊಂಡು ಪತ್ರಾವಳಿ ಹಚ್ಚುತ್ತಿದ್ದಳು! ಕಾನೂನಿನ ಮುಂದೆ ಸರ್ವರೂ ಸಮಾನರೆಂಬ ವಿಷಯವಾಗಿ ನಾನು ಹಿಂದಿಯಲ್ಲಿ ಹತ್ತು ನಿಮಿಷ ಮಾತಾಡಿದೆ. ನಾನು ಕೆಲಸ ಮಾಡುವ ವಿಮಾ ಕಚೇರಿಯಲ್ಲಿ ಯಾರೂ ನನ್ನ ಮಾತನ್ನು ಅಷ್ಟು ಶಾಂತವಾಗಿ ಕೇಳಿದ್ದಿಲ್ಲ.

"ದಾರಿಗೆ ಅಡ್ಡ ಬಂದ ಕೊಂಬೆ ನಾವೇ ಕಡಿಯುತ್ತೇವೆ, ಸಾಹೇಬ್. ಅದರ ಎಲೆ ನಮಗೆ ಬಿಟ್ಟಿದ್ದು" ಎಂದ. "ಆದರೆ ಬಾಗಿಲಾಚೆ ಬಿಡಿ ಎಲೆ ಹೋಗುವ ಹಾಗಿಲ್ಲ. ಪತ್ರಾವಳಿ ಹೋಗಬಹುದು."

"ಹಂಗಾರ ನಮ್ಮತ್ತಿ ಇಲ್ಲೇ ಕೂತು ಹಚ್ಚಿದ್ರ?" ಸುಶೀಲಾ ಅಂದಳು. ವಿಜಯಾ ಅದನ್ನು ಅವನಿಗೆ ಗುಜರಾತಿಯಲ್ಲಿ ಕೇಳಿದಳು.

ಅವನು ಗಂಭೀರವಾಗಿ ಯೋಚಿಸಿದ. "ಬಾ ಹಚ್ಚಲಿ" ಎಂದ. ಬಾ ಎಂದರೆ ಅವರಲ್ಲಿ ತಾಯಿ.

ಬಾ ಕೂತೇಬಿಟ್ಟಳು. ತೊಂಬತ್ತು ಮೈಲಿ ಬಂದದ್ದು ಗುಡಿಸಲ ಮುಂದೆ ಕೂಡಲಿಕ್ಕೇನು ಎಂದು ಕೇಳಿದೆ.

"ನೀ ಅಡ್ಡ್ಯಾಡಿ ಬಾರಪಾ, ನಿನ್ನ ಯಾರ ಹಿಡದಾರ?"

ಅತ್ತೆ, ಸೊಸೆ, ಮೊಮ್ಮಗಳು ಎಲೆ ಆರಿಸತೊಡಗಿದ್ದರು. ನಾನೊಬ್ಬನೇ ಹೊರಟೆ. ಎರಡು ಫರ್ಲಾಂಗು ಹೋಗಿರಲಿಕ್ಕಿಲ್ಲ, ಮತ್ತೆ ಸೀಟಿ. ನಾನಂತೂ ಏನನ್ನೂ ಕಿತ್ತಿರಲಿಲ್ಲ.

"ಬಾ ಕರೆಯುತ್ತಿದ್ದಾರೆ, ಸಾಹೇಬ್. ಎಲೆ ಹಚ್ಚಲು ಕಡ್ಡಿ ಸೀಳಬೇಕಂತೆ."

ಹದಿನೇಳು ವರ್ಷ ಸರ್ವೀಸಾದ ನಾನು ಮೂರು ಗಂಟೆಯವರೆಗೆ ಬಿದಿರಿನ ಕಡ್ಡಿ ಸೀಳಿದೆ. ಅವ್ವನಿಗೂ ಕಾವಲುಗಾರನ ಹೆಂಡತಿಗೂ ನಡುವೆ ಒಂದು ಶಬ್ದದ ಭಾಷೆಯೂ ಇರಲಿಲ್ಲ. ನನ್ನ ಕಡ್ಡಿ ದಪ್ಪವೆಂಬ ವಿಷಯದಲ್ಲಿ ಮಾತ್ರ ಇಬ್ಬರದೂ ಪೂರ್ಣ ಸಹಮತ. ಒಂದೊಂದನ್ನೇ ಎತ್ತಿ ತೋರಿಸಿ ನಕ್ಕರು. ಕಾವಲುಗಾರನ ಹೆಂಡತಿ ಕೊಟ್ಟ ಸಜ್ಜೆ ರೊಟ್ಟಿ, ಮೆಣಸಿನಕಾಯಿ ಚಟ್ನಿ ಚೆನ್ನಾಗಿದ್ದವು. ಕೋಪದಲ್ಲಿದ್ದುದರಿಂದ ನಾನು ಹಾಗೆ ಹೇಳಲಿಲ್ಲ.

ಮೂರೂವರೆಯ ಬಸ್ಸೇ ಕೊನೆಯದು. ಬಾಗಿಲಲ್ಲಿ ಕಾವಲುಗಾರ ಪತ್ರಾವಳಿಯ ಗಂಟು ಬಿಚ್ಚಿಸಿ ಪರೀಕ್ಷೆ ಮಾಡಿದ. ವಿಜಯಾಳ ಫ್ರಾಕಿನ ಕಿಸೆಯಲ್ಲಿ ಒಂದು ಬಿಡಿ ಎಲೆ ಸಿಕ್ಕಿತು. ಅದನ್ನು ಸರಕಾರದ ಪರವಾಗಿ ಜಪ್ತಿ ಮಾಡಿದ. ನಾನು ಇನ್ನೊಮ್ಮೆ ಕಾನೂನು ಮಾತಾಡಲು ಬಾಯಿ ತೆರೆದೆ. ಸುಶೀಲಾ ನನ್ನ ತೋಳು ಹಿಡಿದು ಬಸ್ಸಿನೊಳಗೆ ತಳ್ಳಿದಳು.

ಗುರುವಾರ ಶ್ರಾದ್ಧಕ್ಕೆ ಹದಿನಾಲ್ಕು ಜನ ಅವ್ವ ಹಚ್ಚಿದ ಎಲೆಯಲ್ಲಿ ಉಂಡರು.