ಗಾಜಿನ ಜಾಡಿಯಲ್ಲಿ ಕಾಣದ ನಂಬರು

ಕೊಟ್ಟೂರಿನಿಂದ ಹರಪನಹಳ್ಳಿಗೆ ಹೋಗುವ ರಸ್ತೆಯ ಪೆಟ್ರೋಲ್ ಬಂಕಿನಲ್ಲಿ ಬೆಳಗಿನ ಆರು ಗಂಟೆ. ಮಾರೆಮ್ಮ ಪಂಪಿನಿಂದ ಗಾಜಿನ ಜಾಡಿಗೆ ಒಂದಿಷ್ಟು ಪೆಟ್ರೋಲ್ ಇಳಿಸಿ, ತೇಲುವ ಗಾಜಿನ ಕಡ್ಡಿಯೊಂದನ್ನು ಅದರೊಳಗೆ ಬಿಡುತ್ತಾರೆ. ಕಡ್ಡಿಯ ಓಲಾಟ ನಿಲ್ಲುವವರೆಗೂ ಬಗ್ಗಿ ನೋಡಿ, ಗೋಡೆಗೆ ಅಂಟಿಸಿದ ಅಂಕಿಗಳ ಪಟ್ಟಿಯ ಮೇಲೆ ಬೆರಳಾಡಿಸಿ, ಹಲಗೆಯ ಮೇಲೆ ಬರೆಯುತ್ತಾರೆ: ಡೆನ್ಸಿಟಿ 742. ಪೆಟ್ರೋಲಿನ ಸಾಂದ್ರತೆ ಅದು. ಕಲಬೆರಕೆಯಾದರೆ ಈ ಅಂಕಿ ಏರುಪೇರಾಗುತ್ತದೆ.

ಹತ್ತೊಂಬತ್ತು ವರ್ಷಗಳಿಂದ ಇದೇ ಅವರ ಸುಪ್ರಭಾತ. ಕಲ್ಲುಕ್ವಾರಿಯಲ್ಲಿ ಗಂಡನ ಕಾಲು ಮುರಿದ ವರ್ಷ ಕೆಲಸಕ್ಕೆ ಸೇರಿದವರು. ಹೆಂಗಸು ಪೆಟ್ರೋಲ್ ಹಾಕುವುದೇ ಎಂದು ಆಗ ಮಂದಿ ಪಕ್ಕದ ಪಂಪಿನ ಸಾಲಿಗೆ ಜರುಗುತ್ತಿದ್ದರಂತೆ. ಈಗ ದಿನಕ್ಕೆ ಮುನ್ನೂರು ಬೈಕು, ನಲವತ್ತು ಕಾರು ಅವರ ಕೈಮೇಲೆ ಹೋಗುತ್ತವೆ. ಎಷ್ಟು ತೊಳೆದರೂ ಕೈ ವಾಸನೆ ಹೋಗದು. ತಟ್ಟಿದ ರೊಟ್ಟಿಗೂ ಪೆಟ್ರೋಲ್ ನಾತ ಎಂದು ಮಗಳು ಸಮತಾ ಮೂಗು ಮುರಿಯುತ್ತಾಳೆ.

"ಮೂಗು ಮುರೀಲಿ ಬಿಡ್ರಿ. ಹತ್ತೊಂಬತ್ತು ವರ್ಷದಾಗ ನನ್ನ ಪೆಟ್ರೋಲ್ ಕೆಟ್ಟೈತಿ ಅಂತ ಒಬ್ರೂ ಅಂದಿದ್ದಿಲ್ಲ" ಎನ್ನುತ್ತಾರೆ ಮಾರೆಮ್ಮ. ಆ 'ಅಂದಿದ್ದಿಲ್ಲ' ಎನ್ನುವಾಗ ಅವರ ದನಿ ಸಣ್ಣಗಾಗುತ್ತದೆ.

ಮೊದಲ ಸಲ ಹಾಗೆ ಅಂದವರು ಬಂಕಿನ ಎದುರಿಗೇ ಇರುವ ಶೇಂಗಾ ವ್ಯಾಪಾರಿ ಗವಿಸಿದ್ದೇಶ್. ಅವರ ಹತ್ತಿರ ಒಂದು ಹಳೆಯ ವಿದೇಶಿ ಕಾರಿದೆ. ಅದರದು ರೋಟರಿ ಎಂಜಿನ್. ಪಿಸ್ಟನ್ ಮೇಲೆ ಕೆಳಗೆ ಆಡುವ ಬದಲು, ಮೂರು ಮೂಲೆಯ ಲೋಹದ ತುಂಡೊಂದು ಗೂಡಿನೊಳಗೆ ಗಿರಗಿರ ಸುತ್ತುತ್ತದೆ. "ಮೂರು ಮೂಲಿದು ಹೆಂಗ ತಿರುಗ್ತೈತಿ ಅನ್ನೋದ ನನಗಿನ್ನೂ ಬಗೀಹರಿದಿಲ್ಲ" ಎಂದು ಮಾರೆಮ್ಮ ತಲೆ ಕೆರೆದುಕೊಳ್ಳುತ್ತಾರೆ.

ಗವಿಸಿದ್ದೇಶರ ಕೈಗುಣ ಒಳ್ಳೆಯದೆಂದು ಮಾರೆಮ್ಮನ ನಂಬಿಕೆ. ಸೋಮವಾರದ ಬೋಣಿ ಅವರದೇ ಆಗಬೇಕು. ಅದಕ್ಕಾಗಿ ಅವರು ಆರಕ್ಕೇ ಶೆಡ್ಡಿನಿಂದ ಕಾರು ತೆಗೆದು, ರಸ್ತೆ ದಾಟಿ, ಪಂಪಿನ ಮುಂದೆ ನಿಲ್ಲಿಸಿ ಎಂಜಿನ್ ಆರಿಸುತ್ತಿದ್ದರು. ಯಾವುದು ಹಾಕಿಸಲಿ, ಸಾದಾ ಪೆಟ್ರೋಲೋ ಪ್ರೀಮಿಯಮ್ಮೋ ಎಂದು ಅವರು ಕೇಳಿದಾಗ, ದುಬಾರಿಯದೇ ಚಲೋ ಇರುತ್ತದೆ ಎಂದು ಮಾರೆಮ್ಮನೇ ಹೇಳಿದ್ದರು.

ಕಳೆದ ಮಾಗಿಯ ಒಂದು ಸೋಮವಾರ ಟ್ಯಾಂಕು ತುಂಬಿತು, ಕಾರು ಮಾತ್ರ ಮತ್ತೆ ಸ್ಟಾರ್ಟ್ ಆಗಲಿಲ್ಲ. ಗುರುಗುಟ್ಟಿ ಗುರುಗುಟ್ಟಿ ಸುಮ್ಮನಾಯಿತು. ಎಂಜಿನ್ನೇ ಹೋಯಿತೆಂದು ಗವಿಸಿದ್ದೇಶ್ ಹೌಹಾರಿದರು. ಬಿಡಿಭಾಗ ಎಲ್ಲೂ ಸಿಗದ ಗಾಡಿ. ಇದು ಕಲಬೆರಕೆ ಮಾಲು ಎಂದುಬಿಟ್ಟರು. ಮಾರೆಮ್ಮ ಫಿಲ್ಟರ್ ಕಾಗದ ತಂದು, ಎಲ್ಲರ ಮುಂದೆ ಅದರ ಮೇಲೆ ಪೆಟ್ರೋಲಿನ ಹನಿ ಬಿಟ್ಟರು. ಹನಿ ಆರಿತು, ಕಲೆ ಉಳಿಯಲಿಲ್ಲ. ಮಾಲು ಚೊಕ್ಕ. ಹಾಗಾದರೆ ಆಕ್ಟೇನ್ ತಪ್ಪಾಗಿದೆ, ಕಾರಿನ ಪುಸ್ತಕದಲ್ಲಿ 91 ಎಂದಿದೆ, ನಿಮ್ಮದೆಷ್ಟು ಎಂದು ಗವಿಸಿದ್ದೇಶ್ ಪಟ್ಟು ಹಿಡಿದರು. ಮಾರೆಮ್ಮ ಹಲಗೆ ತೋರಿಸಿದರು.

"ನಿಮಗ ಬೇಕಾಗಿದ್ದು ತೊಂಬತ್ತೊಂದು. ನಮ್ಮದು ಏಳುನೂರಾ ನಲವತ್ತೆರಡು ಐತಿ. ಇನ್ನೂ ಎಷ್ಟು ಬೇಕ್ರಿ?"

ನೆರೆದವರಲ್ಲಿ ಅರ್ಧ ಮಂದಿ ಹೌದೆಂದು ತಲೆದೂಗಿದರು, ಉಳಿದರ್ಧ ನಕ್ಕರು. ಡೆನ್ಸಿಟಿ ಬೇರೆ, ಆಕ್ಟೇನ್ ಬೇರೆ ಎಂದು ಮಾರೆಮ್ಮನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಒತ್ತಡ ಬಿದ್ದಾಗ ಕಿಡಿಗೆ ಮುಂಚೆಯೇ ತಾನಾಗಿ ಹೊತ್ತಿಕೊಳ್ಳದೆ ತಾಳುವ ಗುಣಕ್ಕೆ ಆಕ್ಟೇನ್ ಎನ್ನುತ್ತಾರೆ. ಅದು ಯಾವ ಜಾಡಿಯಲ್ಲೂ ಕಾಣುವುದಿಲ್ಲ. ಬಂಕಿನ ಮಾಲೀಕ ಏಕಾಂತಪ್ಪ ನಿಜ ಏನೆಂದು ತಿಳಿಯುವ ತನಕ ಎಂದು ಮಾರೆಮ್ಮನನ್ನು ಪಂಪಿನಿಂದ ತೆಗೆದು ಟೈರಿಗೆ ಗಾಳಿ ಹಾಕಲು ನಿಲ್ಲಿಸಿದರು. ಗಾಜಿನ ಜಾಡಿ ಬೇರೆಯವರ ಕೈಗೆ ಹೋದ ಆ ದಿನಗಳಲ್ಲಿ ಮಾರೆಮ್ಮನಿಗೆ ಅನ್ನ ಸೇರಲಿಲ್ಲ.

ಐದನೆಯ ದಿನ ದಾವಣಗೆರೆಯಿಂದ ಹಿರಿಯ ಮೆಕ್ಯಾನಿಕ್ ಒಬ್ಬರು ಬಂದು ಕಿಡಿ ಕೊಡುವ ಪ್ಲಗ್‌ಗಳನ್ನು ಬಿಚ್ಚಿದರು. ಅವು ಪೆಟ್ರೋಲಿನಲ್ಲಿ ತೊಯ್ದು ತೊಪ್ಪೆಯಾಗಿದ್ದವು. ಅವರು ಕೇಳಿದ್ದು ಆಕ್ಟೇನ್ ಅಲ್ಲ. ಎಂಜಿನ್ ಸ್ಟಾರ್ಟ್ ಮಾಡಿ ಎಷ್ಟು ದೂರ ಓಡಿಸಿದಿರಿ ಎಂದು. ರಸ್ತೆ ದಾಟಿಸಿದ್ದಷ್ಟೇ. ಅಲ್ಲೇ ಇತ್ತು ಎಡವಟ್ಟು. ರೋಟರಿ ಎಂಜಿನ್ನನ್ನು ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಬಿಸಿಯಾಗುವ ಮೊದಲೇ ಆರಿಸಿದರೆ ಒಳಗೆ ಪೆಟ್ರೋಲ್ ತುಂಬಿಕೊಂಡು ಕಿಡಿ ಹತ್ತುವುದಿಲ್ಲ. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಇಲ್ಲದ ಈ ಕಾರಿಗೆ ಪುಸ್ತಕ ಹೇಳಿದ 91ರ ಸಾದಾ ಪೆಟ್ರೋಲೇ ಸಾಕು, ದುಬಾರಿಯದರಿಂದ ಲಾಭವಿಲ್ಲ ಎಂದೂ ಅವರು ಹೇಳಿದರು. ಪ್ಲಗ್ ಒಣಗಿಸಿ ಹಾಕಿದ ಮೇಲೆ ಕಾರು ಸ್ಟಾರ್ಟ್ ಆಯಿತು.

ಕಾರನ್ನು ನಿಲ್ಲಿಸಿದ್ದು ಪೆಟ್ರೋಲಲ್ಲ, ಮಾರೆಮ್ಮನ ಬೋಣಿ.

ಈಗ ಅವರು ಮತ್ತೆ ಪಂಪಿನಲ್ಲಿದ್ದಾರೆ. ಗವಿಸಿದ್ದೇಶ್ ಮೂರು ಮೈಲಿ ಸುತ್ತಿ, ಎಂಜಿನ್ ಕಾಯಿಸಿಕೊಂಡು ಬರುತ್ತಾರೆ. ಅಷ್ಟರಲ್ಲಿ ಹಾಲಿನ ವ್ಯಾನಿನವರ ಬೋಣಿ ಆಗಿರುತ್ತದೆ. ಯಾವ ಪೆಟ್ರೋಲ್ ಚಲೋ ಎಂದು ಬೈಕಿನವರು ಕೇಳಿದರೆ ಮಾರೆಮ್ಮ ಗಾಡಿಯ ಪುಸ್ತಕ ನೋಡಿಕೊಂಡು ಬನ್ನಿ ಎನ್ನುತ್ತಾರೆ. ಆಕ್ಟೇನ್ ಪೂರ್ತಿ ಅರ್ಥವಾಯಿತೇ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ.

ಗವಿಸಿದ್ದೇಶ್ ತಪ್ಪಾಯಿತು ಎಂದರೇ? ಅಂದಿದ್ದಾರೆ, ಕಾರಿನ ಕಿಟಕಿಯಿಂದ, ಮೆಲ್ಲಗೆ.

"ಕಲಬೆರಕಿ ಅಂದಾಗ ಹದಿನೈದು ಮಂದಿ ನಿಂತಿದ್ರು. ತಪ್ಪಾತು ಅಂದಾಗ ನಾನೊಬ್ಬಾಕಿ ಇದ್ದೆ" ಎಂದು ಮಾರೆಮ್ಮ ಜಾಡಿಯನ್ನು ಸೆರಗಿನಿಂದ ಒರೆಸುತ್ತಾರೆ. "ಆ ಹದಿನೈದು ಮಂದಿ ಮುಂದ ಒಮ್ಮಿ ಅಂದ್ರ ಸಾಕ್ರಿ. ಬ್ಯಾರೆ ಏನೂ ಬ್ಯಾಡ."