ಆಯಿ ಎತ್ತಿ ತಂದ ಚೌಕ

ಮೊಸರು ತುಂಬಿದ ಮಣ್ಣಿನ ಗಡಿಗೆಯ ತಳವನ್ನು ಐದು ಬೆರಳಲ್ಲಿ ಹಿಡಿದು, ಗಿರಾಕಿಯ ತಲೆಯ ಮೇಲೆಯೇ ಅದನ್ನು ಬೋರಲು ಮಾಡಿ ತೋರಿಸುತ್ತಿದ್ದಳು ಮೊಸರು ಮಾರುವ ಆಯಿ. ಒಂದು ಹನಿಯೂ ಬೀಳುತ್ತಿರಲಿಲ್ಲ. ಮೊದಲ ಸಲ ನನ್ನ ನೆತ್ತಿಯ ಮೇಲೆ ಹಿಡಿದಾಗ ಇಸ್ತ್ರಿ ಅಂಗಿಯ ಆಸೆ ಬಿಟ್ಟು ಕಣ್ಣು ಮುಚ್ಚಿದ್ದೆ.

"ಅಂಜಬ್ಯಾಡ್ರಿ ಮಾಸ್ತರ, ಇದು ಕೊಲ್ಹಾರದ ಮೊಸರ. ಬಿದ್ರ ನಾಳಿಂದ ನಾ ಇಲ್ಲಿ ಕುಂದರೂದಿಲ್ಲ" ಅಂದಳು.

ನಾನು ಇಂಡಿ ಕಡೆಯವನು. ಚಿತ್ರಕಲಾ ಮಾಸ್ತರನಾಗಿ ಇಲ್ಲಿಗೆ ಬಂದಾಗ ಹಳೆಯ ಊರು ಕೃಷ್ಣೆಯ ಹಿನ್ನೀರಿನ ಪಾಲಾಗಿ, ಹೊಸ ಊರು ಇನ್ನೂ ಏಳುತ್ತಿತ್ತು. ರಸ್ತೆಗಳೆಲ್ಲ ಗೀಟು ಎಳೆದಷ್ಟು ನೇರ. ಮನೆ ಬಂದವು, ಗುಡಿ ಬಂದವು, ಶಾಲೆ ಬಂತು, ಚೌಕ ಮಾತ್ರ ಬರಲಿಲ್ಲ. ಊರ ನಡುವೆ ಒಂದು ಬಯಲು ಖಾಲಿ ಬಿದ್ದಿತ್ತು. ಸಂತೆಯನ್ನು ಹೆದ್ದಾರಿಯ ಪಕ್ಕ ಒಂದೇ ಸಾಲಿನಲ್ಲಿ ಕೂಡಿಸುವ ಮಾತು ಪುನರ್ವಸತಿ ಕಚೇರಿಯಲ್ಲಿ ನಡೆದಿತ್ತು. ಇದನ್ನು ಕೇಳಿದ ದಿನದಿಂದ ಆಯಿಗೆ ಅನ್ನ ಸೇರದಾಯಿತು.

"ಸಾಲಾಗಿ ಕುಂತ್ರ ಒಬ್ಬರ ಮಾರಿ ಒಬ್ಬರು ನೋಡೂದು ಹ್ಯಾಂಗ್ರಿ? ಪಂಕ್ತಿ ಊಟ ಏನು, ಉಂಡು ಎದ್ದು ಹೋಗಾಕ?"

ಹಳೆಯ ಚೌಕದ ಚರಿತ್ರೆ ಪೂರ್ತಿ ಅವಳ ಬಾಯಲ್ಲಿತ್ತು. ಹೊಳೆ ದಾಟಲು ದೋಣಿಗೆ ಕಾಯುವವರು ಕೂತೂ ಕೂತೂ ಆದ ಚೌಕವಂತೆ ಅದು. ಕಾಯುವವರಿಗೆ ಹಸಿವಾಗಿ ಭಜಿ ಅಂಗಡಿ ಬಂತು, ಭಜಿ ತಿಂದವರಿಗೆ ನೀರಡಿಸಿ ಮಜ್ಜಿಗೆ ಬಂತು, ಹೆಣ್ಣುಮಕ್ಕಳಿಗೆ ಬೇಸರವಾಗಿ ಬಳೆ ಬಂತು. ಡಂಗುರ ಸಾರುವವನು ಅಲ್ಲೇ ನಿಲ್ಲುತ್ತಿದ್ದ, ಹಬ್ಬದಲ್ಲಿ ಪೈಲ್ವಾನರು ಸಂಗ್ರಾಣಿ ಕಲ್ಲನ್ನು ಅಲ್ಲೇ ಎತ್ತುತ್ತಿದ್ದರು. "ಯಾವ ರಾಜ ಕಟ್ಟಿಸಿದ ಆಯಿ?" ಅಂತ ನಾನು ಓದಿದವನ ಗತ್ತಿನಲ್ಲಿ ಕೇಳಿದೆ.

"ರಾಜ ಯಾಕ ಕಟ್ಟಸ್ತಾನ? ಅವಗ ಮೊಸರ ಮನೀಗೇ ಬರ್ತಿತ್ತು."

ಒಂದು ಸಂಜೆ ಅವಳೇ ನನ್ನ ಬಾಡಿಗೆ ಮನೆಗೆ ಬಂದಳು. "ನಾ ಹೇಳ್ತೇನಿ, ನೀವು ಗೀಟು ಹಾಕ್ರಿ. ನಮ್ಮ ಚೌಕ ಹ್ಯಾಂಗಿತ್ತು ಹಂಗ ಈ ಬಯಲಾಗ ಕುಂತು ತೋರಸ್ತೇವಿ. ಆಮ್ಯಾಲ ಯಾರು ಎಬ್ಬಸ್ತಾರೋ ನೋಡೂಣು." ನಾನು ಅಳತೆಪಟ್ಟಿ ಹಿಡಿದು, ನಾಲ್ಕು ಮೂಲೆ ಸರಿ ಮಾಡಿ, ಮುದ್ದಾದ ಚೌಕ ಬರೆದುಕೊಟ್ಟೆ. ಆಯಿ ಕಾಗದವನ್ನು ದೂರ ಹಿಡಿದು ನೋಡಿದಳು.

"ಇದು ಕೇರಂ ಬೋರ್ಡ್ ಆತ್ರಿ ಮಾಸ್ತರ."

ಎಂಟು ದಿನ ಅಳಿಸಿ ಬರೆದೆ. ಬಳೆಗಾರ ಕಾಕಾ ಬಂದು ತನ್ನ ಜಾಗವನ್ನು ಎರಡು ಮೊಳ ಹಿಂದೆ ತಳ್ಳಿಸಿದ. ಭಜಿಯವಳು ಹೊಗೆ ಯಾವ ಕಡೆ ಹೋಗುತ್ತಿತ್ತು ಎಂಬುದರ ಮೇಲೆ ತನ್ನ ಒಲೆಯ ಜಾಗ ಹೇಳಿದಳು. ಮೂಡಣ ಮೂಲೆಯಲ್ಲಿ ಕಿರಾಣಿ ಅಂಗಡಿಯ ಗೋಡೆಯೊಂದು ಮೂರು ಮೊಳ ಮುಂದೆ ಚಾಚಿಕೊಂಡಿತ್ತಂತೆ. ಗಾಡಿಯವರು, ಮದುವೆ ಮೆರವಣಿಗೆಯವರು, ಎಲ್ಲರೂ ಅದನ್ನು ಬೈದುಕೊಂಡೇ ಸುತ್ತು ಹಾಕುತ್ತಿದ್ದರಂತೆ. ಅದನ್ನು ಬಿಡೋಣವೇ ಅಂದರೆ ಎಲ್ಲರೂ ನನ್ನನ್ನೇ ಬೈದರು. ಅದೂ ನಕಾಶೆಗೆ ಬಂತು.

ಸಂತೆಯ ನಸುಕಿನಲ್ಲಿ ಬಯಲಿಗೆ ಸುಣ್ಣದ ಗೀಟು ಬಿತ್ತು. ಹೊತ್ತು ಏರುವಷ್ಟರಲ್ಲಿ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಕುಳಿತಿದ್ದರು. ನಾನು ಆ ಊರು ನೋಡಿದವನಲ್ಲ. ಆದರೂ ಆ ಮಂದಿ ಅತ್ತಿತ್ತ ತಿರುಗಿ, ಎದುರಿಗಿದ್ದವರನ್ನು ನೋಡಿ, ಸುಮ್ಮಸುಮ್ಮನೆ ನಗತೊಡಗಿದಾಗ ನನ್ನ ಎದೆ ತುಂಬಿಬಂತು.

ಮಧ್ಯಾಹ್ನ ಪುನರ್ವಸತಿ ಕಚೇರಿಯ ಸಾಹೇಬರು ಬಂದರು. ಸುತ್ತ ನೋಡುತ್ತ ಮೂಡಣ ಮೂಲೆಯ ಖಾಲಿ ಜಾಗಕ್ಕೆ ಕಾಲಿಡಬೇಕು, ಬಳೆಗಾರ ಕಾಕಾ ಕೂಗಿದ, "ಅತ್ತಾಗ ಹಾಯಬ್ಯಾಡ್ರಿ ಸಾಹೇಬ್ರ, ಹಣಿ ಬಡದೀತು."

"ಯಾಕೆ, ಏನಿದೆ ಇಲ್ಲಿ?"

"ಗ್ವಾಡಿ ಐತ್ರಿ" ಅಂದಳು ಆಯಿ.

"ಎಲ್ಲಿದೆ ಗೋಡೆ?"

"ನೀರಾಗೈತ್ರಿ."

ಅವಳು ತಮಾಷೆಗೆ ಹೇಳಿರಲಿಲ್ಲ. ಸುತ್ತಲಿನ ಯಾರೂ ನಗಲಿಲ್ಲ. ಸಾಹೇಬರು ಎತ್ತಿದ ಕಾಲನ್ನು ಹಾಗೇ ಹಿಂದಿಟ್ಟು, ಇಲ್ಲದ ಗೋಡೆಯನ್ನು ಸುತ್ತುಹಾಕಿ ಆಯಿಯ ಮುಂದೆ ಬಂದು ನಿಂತರು. ಆಯಿ ಅವರ ತಲೆಯ ಮೇಲೂ ಗಡಿಗೆ ಬೋರಲು ಮಾಡಿದಳು. ಅವರ ಜೊತೆಗಿದ್ದ ಸಿಪಾಯಿ ಓಡಿ ಬಂದ. ಮೊಸರು ಜಪ್ಪಯ್ಯ ಅನ್ನಲಿಲ್ಲ. ಸಾಹೇಬರು ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಮೊಸರಿಗೆ ಸಕ್ಕರೆ ಹಾಕಿಸಿಕೊಂಡು ತಿಂದರು. ಏಳುವಾಗ, "ಸಂತೆ ಇಲ್ಲೇ ಇರಲಿ ಬಿಡ್ರಿ. ಆದೇಶ ಬರೆದು ಕಳಿಸ್ತೇನೆ" ಅಂದರು. ಹೇಳಿದಂತೆ ಕಳಿಸಿದರು.

ಆಮೇಲೆ ಯಾರೋ ಸಂಗ್ರಾಣಿ ಕಲ್ಲನ್ನು ತಂದು ನಡುವೆ ಇಟ್ಟರು. ಪರ ಊರಿನವರು ಈಗ ಮೊಸರಿಗೆ ಬರುತ್ತಾರೆ, ಮಿರ್ಚಿ ತಿನ್ನುತ್ತಾರೆ, ಕಲ್ಲಿನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಮೂಡಣ ಮೂಲೆಯಲ್ಲಿ ಮೋಟರ್‌ಸೈಕಲ್ಲುಗಳು ಖಾಲಿ ಜಾಗವನ್ನು ಯಾಕೆ ಸುತ್ತುಹಾಕುತ್ತವೆಂದು ಅವರಿಗೆ ತಿಳಿಯುವುದಿಲ್ಲ. ಸುತ್ತುಹಾಕುವ ಹುಡುಗರಿಗೂ ತಿಳಿದಿರಲಾರದು.

ಆಯಿ ಕೊನೆಯವರೆಗೂ ಬಾಯಿ ಬಿಗಿ ಹಿಡಿದವಳಲ್ಲ. ಅಳತೆ ಕಡಿಮೆ ಹಾಕುವವರನ್ನು, ಹೆಂಡತಿಯನ್ನು ಬೈಯುವವರನ್ನು, ಬಿಳಿ ಪ್ಯಾಂಟು ಹಾಕುವ ನನ್ನನ್ನು ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದಳು. ಹೋದ ಚಳಿಗಾಲದಲ್ಲಿ ನಾಲ್ಕು ವಾರ ಮಲಗಿ, ಯಾರಿಗೂ ಭಾರವಾಗದೆ ಹೋದಳು. ಅದೇ ದಿನಗಳಲ್ಲಿ ನನ್ನ ನೌಕರಿಯೂ ಮುಗಿದಿತ್ತು. ಇಷ್ಟು ವರ್ಷ ಬಾಡಿಗೆ ಮನೆಯಲ್ಲಿದ್ದು, ಚೀಲ ಹಿಡಿದು ಚೌಕದಲ್ಲಿ ಗಿರಾಕಿಯಾಗಿ ನಿಂತು ಬಂದವನೇ ಹೊರತು ಅಲ್ಲಿ ಕುಳಿತವನಲ್ಲ ನಾನು. ಇನ್ನು ನಮ್ಮೂರಿಗೆ ಹೋಗುವುದೇ ಸೈ ಎಂದು ಸಾಮಾನು ಕಟ್ಟಿ, ಕೊನೆಯದೊಂದು ಗಡಿಗೆ ಮೊಸರು ಒಯ್ಯೋಣವೆಂದು ಸಂತೆಗೆ ಬಂದೆ.

ಆಯಿಯ ಜಾಗದಲ್ಲಿ ಅವಳ ಸೊಸೆ ಕುಳಿತಿದ್ದಳು. ಪಕ್ಕದಲ್ಲಿ ಒಂದು ಗೋಣಿಚೀಲ ಹಾಸಿತ್ತು, ಅದರ ಮೇಲೆ ಯಾರೂ ಇರಲಿಲ್ಲ.

"ಕುಂದರ್ರಿ ಮಾಸ್ತರ, ಅದು ನಿಮ್ಮ ಜಾಗ" ಅಂದ ಬಳೆಗಾರ ಕಾಕಾ. "ಆಯಿ ಹೇಳಿ ಹೋಗ್ಯಾಳ."

"ನಕಾಶದಾಗ ಇದು ಇಲ್ಲಲ್ಲ ಕಾಕಾ."

"ಅದನ್ನೂ ಹೇಳ್ಯಾಳ್ರಿ. ಮಾಸ್ತರ ಎಲ್ಲಾರ್ನೂ ಬರದ್ರು, ತಮ್ಮನ್ನ ಬರಕೊಳ್ಳೂದು ಮರತ್ರು ಅಂದ್ಲು."

ಸೊಸೆ ಗಡಿಗೆಗಳನ್ನು ಒಂದು ಗೇಣು ಆಚೆ ಸರಿಸಿದಳು. ನಾನು ಚಪ್ಪಲಿ ಬಿಟ್ಟು ಕುಳಿತೆ.